ಕಾಲುವೆ ಒಡೆದವನಿಗೆ ದಂಡ ಬಿತ್ತು, ಕೊನೆಯ ಗದ್ದೆಗೆ ನೀರು ಬಂತೆ?



ಕಳೆದ ಸಂಚಿಕೆಯಲ್ಲಿ ಕಾಂಪೋಸ್ಟ್ ಗುಂಡಿಯ ಅಳತೆಯನ್ನೂ ಅದನ್ನು ತುಂಬುವ ಕ್ರಮವನ್ನೂ ಬರೆದಿದ್ದೆ. ಈ ಸಲ ಗೊಬ್ಬರವನ್ನು ಬದಿಗಿಟ್ಟು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ಅದು ಲಂಚದ ವಿಷಯ, ಜೊತೆಗೆ ಮನುಷ್ಯನ ಹಕ್ಕಿನ ವಿಷಯ. ಲೋಕದ ರಾಷ್ಟ್ರಗಳು ಈ ಎರಡನ್ನೂ ಒಂದೇ ನೊಗಕ್ಕೆ ಕಟ್ಟಲು ಹೇಗೆ ಹವಣಿಸುತ್ತಿವೆ ಎಂಬುದನ್ನು ತಿಳಿಸುವುದು ಈ ಪಾಠದ ಉದ್ದೇಶ. ‘ಬೇಸಾಯದ ಡಿಪ್ಲೊಮಾ ಓದಿದ ಹುಡುಗನಿಗೆ ವಿಶ್ವಸಂಸ್ಥೆಯ ಮಾತೇಕೆ?’ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಲಂಚದ ಮಾತು ಬಾರದ ಹಳ್ಳಿಯ ಸಭೆಯೊಂದನ್ನೂ ನಾನು ಇದುವರೆಗೆ ನೋಡಿಲ್ಲ. ಬೀಜ ಗೊಬ್ಬರಗಳನ್ನು ಹೇಗೆ ಬಳಸಬೇಕೆಂದು ಹೇಳಿಕೊಡುವವನು, ಅವು ನಿಮ್ಮ ಕೈಗೆ ಪೂರ್ತಿಯಾಗಿ ಬಂದು ಸೇರುವ ದಾರಿಯನ್ನು ಹೇಳದಿದ್ದರೆ ಅರ್ಧ ಕೆಲಸ ಮಾಡಿದಂತೆಯೇ ಸರಿ.

ನಮಗೆ ಗೊತ್ತಿರುವ ಕೆರೆಯಿಂದಲೇ ಹೊರಡೋಣ. ತೂಬು ಎತ್ತಿದ ದಿನ ನೀರುಗಂಟಿ ಸರದಿಯಂತೆ ನೀರು ಬಿಡುತ್ತಾನೆ. ಮೇಲಿನ ಗದ್ದೆಯವನೊಬ್ಬ ರಾತ್ರಿ ಹೋಗಿ ಕಾಲುವೆಯ ಏರಿಯನ್ನು ಒಡೆದು ತನ್ನ ಗದ್ದೆಗೆ ನೀರು ತಿರುಗಿಸಿಕೊಂಡ. ಬೆಳಗ್ಗೆ ಸಿಕ್ಕಿಬಿದ್ದ. ಪಂಚಾಯ್ತಿ ಸೇರಿ ಅವನಿಗೆ ದಂಡ ಹಾಕಿತು. ಎಲ್ಲರೂ ಸಮಾಧಾನದಿಂದ ಮನೆಗೆ ಹೋದರು. ಆದರೆ ಕಾಲುವೆಯ ಕೊನೆಯಲ್ಲಿರುವ ಗದ್ದೆಯಲ್ಲಿ ಪೈರು ಒಣಗುತ್ತಲೇ ಇದೆಯಲ್ಲ! ದಂಡದ ಹಣದಿಂದ ಆ ಪೈರಿಗೆ ನೀರಾಗಲಿಲ್ಲ. ಕಳ್ಳನ ಲೆಕ್ಕ ಮುಗಿಯಿತು, ಕಳೆದುಕೊಂಡವನ ಲೆಕ್ಕ ಹಾಗೆಯೇ ಉಳಿಯಿತು. ಇವು ಬೇರೆ ಬೇರೆ ಲೆಕ್ಕಗಳು ಎಂಬುದನ್ನು ನೀವು ಚೆನ್ನಾಗಿ ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುತ್ತದೆ.

ನನಗೆ ಇದು ಪುಸ್ತಕದಿಂದ ತಿಳಿದದ್ದಲ್ಲ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಊರೊಂದರಲ್ಲಿ ಒಬ್ಬ ಅಜ್ಜಿ ಇದ್ದರು. ಗಂಡ ತೀರಿಕೊಂಡಿದ್ದರು, ಮಗ ದೂರದ ಊರಿನಲ್ಲಿ. ವಿಧವಾ ವೇತನಕ್ಕೆ ಅರ್ಜಿ ಹಾಕಿ ಬಹಳ ದಿನವಾಗಿತ್ತು. ಕಚೇರಿಯೊಂದರಲ್ಲಿ ಒಬ್ಬರು ಹಣ ಕೇಳಿದರು. ಅಜ್ಜಿ ಒಂದು ಸಲ ಕೊಟ್ಟರು. ಮತ್ತೆ ಕೇಳಿದರು. ಆಗ ಊರಿನ ಯುವಕರೂ ನಾನೂ ಸೇರಿ ದೂರು ಕೊಡಿಸಿದೆವು. ಆ ಮನುಷ್ಯ ಹಣ ತೆಗೆದುಕೊಳ್ಳುವಾಗಲೇ ಸಿಕ್ಕಿಬಿದ್ದ, ಪತ್ರಿಕೆಯಲ್ಲಿಯೂ ಬಂತು. ನಾವು ಊರಿನಲ್ಲಿ ಸಿಹಿ ಹಂಚಿದೆವು. ನಾನಂತೂ ಬಹಳ ದೊಡ್ಡ ಕೆಲಸ ಮಾಡಿದವನಂತೆ ಬೀಗಿದ್ದೆ.

ಎಂಟು ತಿಂಗಳ ಮೇಲೆ ರಾಗಿಯ ಬೀಜೋಪಚಾರ ತೋರಿಸಲು ಅದೇ ಊರಿಗೆ ಹೋದಾಗ ಅಜ್ಜಿ ಜಗಲಿಯ ಮೇಲೆ ಕುಳಿತಿದ್ದರು. ‘ಅವನ್ನ ಹಿಡಕೊಂಡೋದ್ರಂತೆ, ಸರಿ. ನನ್ ಕಾಗ್ದ ಎಲ್ಲೋಯ್ತು ಮಗಾ? ಅದೂ ಅವನ್ ಜೊತೇಲೇ ಜೈಲಿಗೋಯ್ತಾ?’ ಎಂದು ಕೇಳಿದರು. ನಾನು ನಗಬೇಕೋ ಅಳಬೇಕೋ ತಿಳಿಯದೆ ನಿಂತೆ. ವಿಚಾರಿಸಿ ನೋಡಿದರೆ ಅವರು ಹೇಳಿದ್ದು ಬಹುಮಟ್ಟಿಗೆ ನಿಜವೇ ಆಗಿತ್ತು. ಅಜ್ಜಿಯ ಅರ್ಜಿ ಮೊಕದ್ದಮೆಯ ಸಾಕ್ಷ್ಯವೆಂದು ಕಡತದೊಡನೆ ಜಪ್ತಿಯಾಗಿ ಹೋಗಿತ್ತು. ಆ ಜಾಗಕ್ಕೆ ಬಂದ ಹೊಸಬರಿಗೆ ಅಂಥ ಅರ್ಜಿ ಇದ್ದದ್ದೇ ಗೊತ್ತಿರಲಿಲ್ಲ. ಹೊಸದಾಗಿ ಅರ್ಜಿ ಬರೆದು, ಅಲೆದು, ವೇತನ ಬರಲು ಇನ್ನೂ ನಾಲ್ಕು ತಿಂಗಳು ಹಿಡಿಯಿತು. ಹೋದ ತಿಂಗಳುಗಳ ಹಣವನ್ನು ಯಾರೂ ಕೊಡಲಿಲ್ಲ. ನಾನು ಕಳ್ಳನನ್ನು ಹಿಡಿಸಿದೆನೇ ಹೊರತು ಅಜ್ಜಿಯ ಪಾಲನ್ನು ಕೇಳಲು ಮರೆತಿದ್ದೆ. ಈ ತಪ್ಪು ನನ್ನದು.

ಇನ್ನು ಲೋಕದ ಕಡೆ ನೋಡೋಣ. ನಿಮ್ಮ ಮನೆಯ ಕ್ಯಾಲೆಂಡರಿನಲ್ಲಿ ಡಿಸೆಂಬರ್ ತಿಂಗಳನ್ನು ತೆಗೆಯಿರಿ. 9ನೆಯ ತಾರೀಖು ಅಂತಾರಾಷ್ಟ್ರೀಯ ಭ್ರಷ್ಟಾಚಾರ ವಿರೋಧಿ ದಿನ. ಮರುದಿನ 10ನೆಯ ತಾರೀಖು ಮಾನವ ಹಕ್ಕುಗಳ ದಿನ. ಎರಡೂ ಅಕ್ಕಪಕ್ಕದ ಮನೆಗಳಂತಿವೆ. ಆದರೂ ಈ ಮನೆಯವರು ಬಹುಕಾಲ ಒಬ್ಬರನ್ನೊಬ್ಬರು ಮಾತನಾಡಿಸುತ್ತಿರಲಿಲ್ಲ.

ಹಳೆಯದು ಹಕ್ಕಿನ ಮನೆ. 1948ರ ಡಿಸೆಂಬರ್ 10ರಂದು ಪ್ಯಾರಿಸ್ ನಗರದಲ್ಲಿ ಸೇರಿದ ವಿಶ್ವಸಂಸ್ಥೆಯ ಮಹಾಸಭೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಒಪ್ಪಿತು. ಅದರಲ್ಲಿ 30 ಕಲಮುಗಳಿವೆ. ಮೊದಲನೆಯ ಕಲಮಿನಲ್ಲಿ ‘ಎಲ್ಲ ಗಂಡಸರೂ’ ಎಂಬ ಅರ್ಥ ಬರುವಂತಿದ್ದ ಮಾತನ್ನು ‘ಎಲ್ಲ ಮಾನವರೂ’ ಎಂದು ತಿದ್ದಿಸಿದವರು ನಮ್ಮ ದೇಶದ ಪ್ರತಿನಿಧಿ ಹಂಸಾ ಮೆಹ್ತಾ ಅವರು. ಇದನ್ನು ನಮ್ಮ ತಾಯಂದಿರು ತಿಳಿದಿರಬೇಕೆಂದು ಇಲ್ಲಿ ಹೇಳಿದೆ. 21ನೆಯ ಕಲಮು, ತನ್ನ ದೇಶದ ಸರ್ಕಾರಿ ಸೇವೆಗೆ ಸಮಾನವಾಗಿ ಪ್ರವೇಶ ಪಡೆಯುವ ಹಕ್ಕು ಪ್ರತಿಯೊಬ್ಬನಿಗೂ ಉಂಟು ಎನ್ನುತ್ತದೆ. 25ನೆಯ ಕಲಮು ಅನ್ನ, ಬಟ್ಟೆ, ಮನೆ, ವೈದ್ಯೋಪಚಾರಗಳ ಮಾತನ್ನು ಆಡುತ್ತದೆ. ಕಾಯಿಲೆ, ವೈಧವ್ಯ, ಮುಪ್ಪು ಬಂದಾಗ ಜೀವನಕ್ಕೆ ಭದ್ರತೆ ಇರಬೇಕೆಂದೂ ಅದರಲ್ಲಿದೆ. ವೈಧವ್ಯ ಎಂಬ ಮಾತನ್ನು ಗಮನಿಸಿ. ನಮ್ಮ ಅಜ್ಜಿಯ ವೇತನ ಯಾರೋ ಮಾಡುವ ಉಪಕಾರವಲ್ಲ. ಲೋಕವೇ ಕೂತು ಬರೆದ ಪಟ್ಟಿಯಲ್ಲಿ ಅದು ಹಕ್ಕೆಂದು ಸೇರಿಹೋಗಿದೆ.

ಘೋಷಣೆಯಾದರೂ ಬರಿಯ ಮಾತು. ಅದನ್ನು ಕಟ್ಟುಪಾಡಾಗಿ ಮಾಡಲು 1966ರಲ್ಲಿ ಒಡಂಬಡಿಕೆಗಳನ್ನು ಬರೆದರು. ಅವುಗಳಲ್ಲಿ ಆರ್ಥಿಕ, ಸಾಮಾಜಿಕ, ಸಾಂಸ್ಕೃತಿಕ ಹಕ್ಕುಗಳ ಒಡಂಬಡಿಕೆಗೆ ಭಾರತ 1979ರಲ್ಲಿ ಸೇರಿತು. ಅದರ 2ನೆಯ ಕಲಮಿನಲ್ಲಿ ಒಂದು ಮುಖ್ಯ ಮಾತಿದೆ. ಸರ್ಕಾರ ತನ್ನಲ್ಲಿರುವ ಸಂಪತ್ತನ್ನು ಆದಷ್ಟು ಮಟ್ಟಿಗೂ ಬಳಸಿ ಜನರ ಹಕ್ಕುಗಳನ್ನು ಹಂತ ಹಂತವಾಗಿ ಪೂರೈಸಬೇಕು ಎಂಬುದೇ ಆ ಮಾತು. ಬಡ ದೇಶ, ಕಣಜ ಚಿಕ್ಕದು, ಒಂದೇ ದಿನ ಎಲ್ಲರಿಗೂ ಎಲ್ಲವನ್ನೂ ಕೊಡಲಾಗದು ಎಂಬುದನ್ನು ಅದು ಒಪ್ಪುತ್ತದೆ. ಆದರೆ ಕಣಜದಲ್ಲಿ ಇಲಿ ಬಿದ್ದಿರುವಾಗ ‘ಕಾಳಿಲ್ಲ’ ಎಂದು ಯಜಮಾನ ಹೇಳಿದರೆ ಅದನ್ನು ಒಪ್ಪಲಾದೀತೆ? ಕಾಳಿತ್ತು, ಕಾಯಲಿಲ್ಲ. ಲಂಚಕ್ಕೂ ಹಕ್ಕಿಗೂ ಇರುವ ಕಾನೂನಿನ ನಂಟು ಇಲ್ಲಿಯೇ ಇದೆ.

ಎರಡನೆಯ ಮನೆ ಇತ್ತೀಚಿನದು. ಭ್ರಷ್ಟಾಚಾರ ವಿರೋಧಿ ಒಡಂಬಡಿಕೆಯನ್ನು ವಿಶ್ವಸಂಸ್ಥೆ 2003ರ ಅಕ್ಟೋಬರಿನಲ್ಲಿ ಒಪ್ಪಿತು. ಡಿಸೆಂಬರ್ 9ರಂದು ಮೆಕ್ಸಿಕೋ ದೇಶದ ಮೆರಿಡಾ ನಗರದಲ್ಲಿ ರಾಷ್ಟ್ರಗಳು ರುಜು ಹಾಕಲು ಆರಂಭಿಸಿದವು. 2005ರಲ್ಲಿ ಅದು ಜಾರಿಗೆ ಬಂತು, 2011ರಲ್ಲಿ ಭಾರತ ಅದನ್ನು ಸ್ಥಿರೀಕರಿಸಿತು. ಈಗ 190ಕ್ಕಿಂತ ಹೆಚ್ಚು ರಾಷ್ಟ್ರಗಳು ಅದರಲ್ಲಿವೆ. 71 ಕಲಮುಗಳ ಈ ಒಡಂಬಡಿಕೆಯ ಹೆಚ್ಚು ಭಾಗ ತಪ್ಪಿತಸ್ಥನ ಸುತ್ತಲೇ ತಿರುಗುತ್ತದೆ. ಅವನನ್ನು ತಡೆಯುವುದು, ಹಿಡಿಯುವುದು, ಅವನ ಹಣವನ್ನು ಹೊರದೇಶದ ಬ್ಯಾಂಕುಗಳಿಂದ ತರಿಸುವುದು, ಹೀಗೆ. ಅಂದಿನ ಪ್ರಧಾನ ಕಾರ್ಯದರ್ಶಿ ಕೋಫಿ ಅನ್ನಾನ್ ಅವರು ಮುನ್ನುಡಿಯಲ್ಲಿ, ಭ್ರಷ್ಟಾಚಾರದಿಂದ ಮಾನವ ಹಕ್ಕುಗಳು ಮುರಿಯುತ್ತವೆ ಎಂದು ಬರೆದರು. ಆದರೆ ಒಡಂಬಡಿಕೆಯಲ್ಲಿ ಆ ಹಕ್ಕುಗಳಿಗೆಂದು ಒಂದು ಅಧ್ಯಾಯವಿಲ್ಲ. ಹಾಗಿದ್ದರೂ 35ನೆಯ ಕಲಮನ್ನು ನಾನು ಎರಡು ಸಲ ಓದಿದೆ. ಭ್ರಷ್ಟಾಚಾರದಿಂದ ನಷ್ಟಪಟ್ಟವರು ಪರಿಹಾರಕ್ಕಾಗಿ ದಾವಾ ಹೂಡುವಂತೆ ರಾಷ್ಟ್ರಗಳು ಏರ್ಪಾಟು ಮಾಡಬೇಕೆಂದು ಅದು ಹೇಳುತ್ತದೆ. ಅಜ್ಜಿಯ ಕಳೆದುಹೋದ ತಿಂಗಳುಗಳು ನೆನಪಾದವು.

ಈ ಎರಡು ಮನೆಗಳ ನಡುವಣ ಗೋಡೆಯಲ್ಲಿ ಬಾಗಿಲು ತೆಗೆದ ಒಂದು ಮೊಕದ್ದಮೆಯನ್ನು ಈಗ ಹೇಳುತ್ತೇನೆ. ಆಫ್ರಿಕಾ ಖಂಡದ ನೈಜೀರಿಯಾ ದೇಶದಲ್ಲಿ ಪ್ರಾಥಮಿಕ ಶಿಕ್ಷಣಕ್ಕೆಂದು ಇಟ್ಟಿದ್ದ ಹಣ ನುಂಗಿಹೋಯಿತೆಂದು ಅಲ್ಲಿನ ಸೆರಾಪ್ ಎಂಬ ಜನಸಂಘಟನೆ ಫಿರ್ಯಾದು ಹೂಡಿತು. ಪಶ್ಚಿಮ ಆಫ್ರಿಕಾದ ರಾಷ್ಟ್ರಗಳು ಕೂಡಿ ಕಟ್ಟಿಕೊಂಡ ನ್ಯಾಯಸ್ಥಾನವೊಂದು ಅಬುಜಾ ನಗರದಲ್ಲಿದೆ. ಅದರ ಮುಂದೆ ಈ ವಿಷಯ ಬಂತು. ಶಿಕ್ಷಣವೆಂಬುದು ಸರ್ಕಾರದ ಧೋರಣೆಯ ಮಾತು, ನ್ಯಾಯಸ್ಥಾನದಲ್ಲಿ ಕೇಳುವ ಹಕ್ಕಲ್ಲ ಎಂದು ಸರ್ಕಾರ ವಾದಿಸಿತು. 2009ರಲ್ಲಿ ನ್ಯಾಯಸ್ಥಾನ ಅದನ್ನು ಒಪ್ಪಲಿಲ್ಲ. ಶಿಕ್ಷಣ ಹಕ್ಕೇ ಎಂದಿತು. 2010ರ ನವೆಂಬರಿನಲ್ಲಿ ಬಂದ ಕೊನೆಯ ತೀರ್ಪು ಬಹಳ ಜಾಣತನದ್ದು. ಹಣ ನುಂಗಿದ್ದು ನುಂಗಿದವರ ಅಪರಾಧ, ಅಷ್ಟರಿಂದಲೇ ಹಕ್ಕು ಮುರಿಯಿತೆನ್ನಲಾಗದು, ಅವರನ್ನು ಹಿಡಿದು ಶಿಕ್ಷಿಸುವುದು ಸರ್ಕಾರದ ಕೆಲಸ. ಆದರೆ ಅದು ಮುಗಿಯುವವರೆಗೆ ಮಕ್ಕಳು ಶಾಲೆಯಿಲ್ಲದೆ ಕಾಯಬೇಕಾಗಿಲ್ಲ. ಕೊರತೆಯಾದ ಹಣವನ್ನು ಸರ್ಕಾರವೇ ತುಂಬಿಕೊಡಬೇಕು ಎಂಬುದು ಅದರ ತಾತ್ಪರ್ಯ. ಕಾಲುವೆ ಒಡೆದವನ ವಿಚಾರಣೆ ನಡೆಯುತ್ತಿರಲಿ, ಕೊನೆಯ ಗದ್ದೆಗೆ ಇವತ್ತೇ ನೀರು ಬಿಡಿ ಎಂದ ಹಾಗಾಯಿತು. ಈ ತೀರ್ಪನ್ನು ಓದಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ನಾವೂ ಅಂದು ಹೀಗೆಯೇ ಕೇಳಬಹುದಾಗಿತ್ತಲ್ಲ!

ಅದೇ ನೈಜೀರಿಯಾವನ್ನು 1993ರಿಂದ 1998ರವರೆಗೆ ಆಳಿದ ಸಾನಿ ಅಬಾಚಾ ಎಂಬ ಸೇನಾಧಿಪತಿ ದೇಶದ ಹಣವನ್ನು ಹೊರದೇಶಗಳಲ್ಲಿ ಬಚ್ಚಿಟ್ಟಿದ್ದ. ಅದರಲ್ಲಿ ಒಂದು ಭಾಗ, ಸುಮಾರು 32 ಕೋಟಿ ಡಾಲರು, ಸ್ವಿಟ್ಸರ್ಲೆಂಡಿನಿಂದ ಹಿಂದಿರುಗಬೇಕಾದಾಗ 2017ರಲ್ಲಿ ಒಂದು ಒಪ್ಪಂದವಾಯಿತು. ಹಣವನ್ನು ಸುಮ್ಮನೆ ಬೊಕ್ಕಸಕ್ಕೆ ಸುರಿಯದೆ, ವಿಶ್ವಬ್ಯಾಂಕಿನ ಉಸ್ತುವಾರಿಯಲ್ಲಿ ಬಡ ಕುಟುಂಬಗಳಿಗೆ ನೇರವಾಗಿ ಹಂಚಬೇಕೆಂಬುದು ಅದರ ಕರಾರು. ಕದ್ದ ಮಾಲು ಸಿಕ್ಕಾಗ ಅದು ಯಾರ ಮನೆಯದೆಂದು ಕೇಳುವ ಪದ್ಧತಿ ಹೀಗೆ ಶುರುವಾಗುತ್ತಿದೆ.

2013ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಲಿ ಈ ನಂಟಿನ ಮೇಲೆ ಒಂದು ವರದಿಯನ್ನು ಬರೆಯುವಂತೆ ತನ್ನ ಸಲಹಾ ಸಮಿತಿಗೆ ಹೇಳಿತು. ವರದಿ 2015ರಲ್ಲಿ ಮಂಡಲಿಯ ಮುಂದೆ ಬಂತು. ತಪ್ಪಿತಸ್ಥನ ಮೇಲೆ ಮಾತ್ರ ನೆಟ್ಟಿರುವ ಕಣ್ಣನ್ನು ಕಳೆದುಕೊಂಡವರ ಕಡೆಗೂ ತಿರುಗಿಸಿ, ಸರ್ಕಾರವನ್ನು ಹೊಣೆಗಾರನಾಗಿ ನಿಲ್ಲಿಸುವುದೇ ಹಕ್ಕಿನ ದೃಷ್ಟಿಯಿಂದ ಆಗುವ ಲಾಭ ಎಂಬ ವಿಚಾರ ಅದರಲ್ಲಿದೆ. ನಮ್ಮ ಸುಪ್ರೀಂ ಕೋರ್ಟು ಕೂಡ 2012ರ ಒಂದು ತೀರ್ಪಿನಲ್ಲಿ, ವ್ಯವಸ್ಥಿತವಾಗಿ ಬೇರೂರಿದ ಭ್ರಷ್ಟಾಚಾರವೇ ಮಾನವ ಹಕ್ಕಿನ ಉಲ್ಲಂಘನೆ ಎಂಬ ಅರ್ಥದ ಮಾತನ್ನು ಹೇಳಿದೆ.

ಇಷ್ಟೆಲ್ಲ ದೊಡ್ಡ ಸಭೆಗಳ ಮಾತಾಯಿತು; ಹಳ್ಳಿಯವರು ಏನು ಮಾಡಿದರು ಎಂದು ಕೇಳುವಿರಿ. ಅದೇ ನನಗೆ ಹೆಚ್ಚು ಪ್ರಿಯವಾದ ಭಾಗ. ಉಗಾಂಡಾ ದೇಶದಲ್ಲಿ ಮಕ್ಕಳ ಸಂಖ್ಯೆಗೆ ತಕ್ಕಂತೆ ಶಾಲೆಗಳಿಗೆ ಸರ್ಕಾರ ಹಣ ಕಳುಹಿಸುತ್ತಿತ್ತು. 250 ಶಾಲೆಗಳ ಲೆಕ್ಕವನ್ನು ಹುಡುಕಿ ನೋಡಿದರೆ, 1991ರಿಂದ 1995ರವರೆಗೆ ಸರಾಸರಿ ನೂರಕ್ಕೆ 13 ಭಾಗ ಮಾತ್ರ ಶಾಲೆಗೆ ತಲುಪಿತ್ತು. ಉಳಿದ 87 ನಡುದಾರಿಯಲ್ಲಿಯೇ ಇಂಗಿತ್ತು. ನಮ್ಮ ಮರಳು ಕಾಲುವೆಗಳಲ್ಲಿ ನೀರು ಕೂಡ ಅಷ್ಟು ಇಂಗುವುದಿಲ್ಲ! ಆಮೇಲೆ ಸರ್ಕಾರ ಯಾವ ಜಿಲ್ಲೆಗೆ ಎಷ್ಟು ಹಣ ಹೋಯಿತೆಂದು ಪತ್ರಿಕೆಗಳಲ್ಲಿ ಅಚ್ಚು ಹಾಕಿಸಿತು. ಬಂದ ಹಣದ ಮೊತ್ತವನ್ನು ಶಾಲೆಯ ಗೋಡೆಯ ಮೇಲೆ ಬರೆದು ತಗುಲಿಹಾಕಬೇಕೆಂದು ಕಟ್ಟು ಮಾಡಿತು. 2001ರ ಹೊತ್ತಿಗೆ ನೂರಕ್ಕೆ 80ರಷ್ಟು ತಲುಪತೊಡಗಿತು. ಬರಿಯ ಪತ್ರಿಕೆಯಿಂದಲೇ ಇಷ್ಟೆಲ್ಲ ಆಗಲಿಲ್ಲ, ಬೇರೆ ಸುಧಾರಣೆಗಳೂ ಜೊತೆಗಿದ್ದವು ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ, ಇರಬಹುದು. ಗೋಡೆಯ ಮೇಲಿನ ಅಂಕಿಯನ್ನು ಓದಿದ ತಂದೆತಾಯಿಗಳಿಗೆ ತಮ್ಮ ಮಗುವಿನ ಪಾಲು ಎಷ್ಟೆಂದು ಮೊದಲ ಸಲ ತಿಳಿಯಿತು ಎಂಬುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ನಮ್ಮ ದೇಶದಲ್ಲಿ ಈ ದಾರಿ ತೋರಿದವರು ರಾಜಸ್ಥಾನದ ಕೂಲಿಕಾರರು ಮತ್ತು ಸಣ್ಣ ರೈತರು. ಅರುಣಾ ರಾಯ್ ಮೊದಲಾದವರು ಅವರೊಡನೆ ಸೇರಿ 1990ರಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಎಂಬ ಸಂಘವನ್ನು ಕಟ್ಟಿದರು. 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಸಭೆ ಸೇರಿಸಿ, ಕಾಮಗಾರಿಯ ಹಾಜರಿ ಪಟ್ಟಿಯನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ಕೆಲಸಕ್ಕೇ ಬಾರದವರ ಹೆಸರಿನಲ್ಲಿ ಕೂಲಿ ಬರೆದದ್ದು ಬಯಲಾಯಿತು. ನಮ್ಮ ದುಡ್ಡು, ನಮ್ಮ ಲೆಕ್ಕ ಎಂಬುದೇ ಅವರ ಕೂಗಾಗಿತ್ತು. ಕಳ್ಳನನ್ನು ಹಿಡಿಯುವುದಷ್ಟೇ ಅವರ ಗುರಿಯಲ್ಲ. ತಮಗೆ ಸಲ್ಲದ ಕನಿಷ್ಠ ಕೂಲಿಯನ್ನು ಪಡೆಯಬೇಕಾಗಿತ್ತು. ಕೂಲಿ ಕೊಡಿ ಎಂದರೆ ‘ಪಟ್ಟಿಯಲ್ಲಿ ನೀನು ಮಾಡಿದ ಕೆಲಸವಿಲ್ಲ’ ಎನ್ನುತ್ತಿದ್ದರು, ಪಟ್ಟಿ ತೋರಿಸಿ ಎಂದರೆ ‘ಅದು ಸರ್ಕಾರದ ಗುಟ್ಟು’ ಎನ್ನುತ್ತಿದ್ದರು. ಹಾಗಾಗಿ ಪಟ್ಟಿ ನೋಡುವ ಹಕ್ಕಿಲ್ಲದೆ ಕೂಲಿಯ ಹಕ್ಕು ಇಲ್ಲವೆಂಬುದು ಅವರಿಗೆ ಮನದಟ್ಟಾಯಿತು. ಆ ಚಳವಳಿ ಬೆಳೆದು 2005ರಲ್ಲಿ ದೇಶಕ್ಕೆಲ್ಲ ಮಾಹಿತಿ ಹಕ್ಕಿನ ಕಾಯ್ದೆ ಬಂತು. ಕರ್ನಾಟಕದಲ್ಲಿ ಅದಕ್ಕೂ ಮೊದಲೇ, 2000ದಲ್ಲಿ, ನಮ್ಮದೇ ಒಂದು ಕಾಯ್ದೆ ಆಗಿತ್ತು.

ದೂರು ಕೊಡುವವನಿಗೆ ಭಯವಿಲ್ಲವೆಂದು ನಾನು ಹೇಳಲಾರೆ. ಸತ್ಯೇಂದ್ರ ದುಬೆ ಎಂಬ ತರುಣ ಇಂಜಿನಿಯರು ಹೆದ್ದಾರಿಯ ಕಾಮಗಾರಿಯಲ್ಲಿನ ಅಕ್ರಮವನ್ನು ಪ್ರಧಾನಮಂತ್ರಿಯವರ ಕಚೇರಿಗೆ ಬರೆದು, ತಮ್ಮ ಹೆಸರನ್ನು ಗುಟ್ಟಾಗಿಡಬೇಕೆಂದು ಕೇಳಿಕೊಂಡಿದ್ದರು. 2003ರ ನವೆಂಬರ್ 27ರಂದು ಗಯಾ ಊರಿನಲ್ಲಿ ಅವರ ಕೊಲೆಯಾಯಿತು. ಕೊಲೆಯ ಕಾರಣದ ಬಗ್ಗೆ ವಾದಗಳೇನೇ ಇರಲಿ, ಅವರ ಹೆಸರು ಗುಟ್ಟಾಗಿ ಉಳಿಯಲಿಲ್ಲ ಎಂಬುದು ಮಾತ್ರ ನಿಜ. ಅದಾಗಿ ಹನ್ನೆರಡು ದಿನಕ್ಕೆ ಮೆರಿಡಾದಲ್ಲಿ ರುಜು ಬಿದ್ದ ಒಡಂಬಡಿಕೆಯ 33ನೆಯ ಕಲಮು ದೂರು ಕೊಟ್ಟವರ ರಕ್ಷಣೆಯ ಮಾತನ್ನೇ ಹೇಳುತ್ತದೆ. ನಮ್ಮಲ್ಲಿ ಅಂಥವರ ರಕ್ಷಣೆಗೆಂದು 2014ರಲ್ಲಿ ಕಾಯ್ದೆಯಾಯಿತು, ಆದರೆ ಬಹಳ ವರ್ಷ ಜಾರಿಗೆ ಬಾರದೆ ಉಳಿಯಿತು. ಆದ್ದರಿಂದ ಒಬ್ಬರೇ ಹೋಗಬೇಡಿ. ಹತ್ತು ಮಂದಿಯ ರುಜು ಇರುವ ಅರ್ಜಿ ಒಬ್ಬನ ಅರ್ಜಿಗಿಂತ ಕ್ಷೇಮ.

ಹಾಗೆಯೇ ಸಿಕ್ಕಿಬಿದ್ದವನಿಗೂ ಹಕ್ಕುಂಟು. ಅವನನ್ನು ಕಂಬಕ್ಕೆ ಕಟ್ಟಿ ಹೊಡೆಯುವುದು, ವಿಚಾರಣೆಗೆ ಮೊದಲೇ ಅವನ ಹೆಂಡತಿ ಮಕ್ಕಳನ್ನು ಊರಿನಲ್ಲಿ ಹೀಯಾಳಿಸುವುದು ತಪ್ಪು. ಹಕ್ಕಿನ ಹೆಸರಿನಲ್ಲಿ ಹೊರಟವರು ಇನ್ನೊಬ್ಬನ ಹಕ್ಕನ್ನು ತುಳಿಯಬಾರದಷ್ಟೆ. ಕೆಲವು ದೇಶಗಳಲ್ಲಿ ಆಳುವವರು ತಮ್ಮ ಎದುರಾಳಿಗಳನ್ನು ತುಳಿಯಲು ಭ್ರಷ್ಟಾಚಾರದ ಆಪಾದನೆಯನ್ನೇ ಆಯುಧ ಮಾಡಿಕೊಂಡದ್ದೂ ಉಂಟು.

ಮೊನ್ನೆ ಸಭೆಯಲ್ಲಿ ಹಿರಿಯ ಗೌಡರೊಬ್ಬರು, ‘ಸ್ವಾಮಿ, ಕೊಡದಿದ್ರೆ ಕೆಲಸ ಆಗಲ್ಲ, ಕೊಟ್ರೆ ಅದೂ ತಪ್ಪು ಅಂತೀರಿ, ನಾವು ಮಾಡೋದೇನು?’ ಎಂದು ಕೇಳಿದರು. ಅವರಿಗೆ ಅಂದು ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. 2018ರ ತಿದ್ದುಪಡಿಯಾದ ಮೇಲೆ ಲಂಚ ಕೊಟ್ಟವನೂ ತಪ್ಪಿತಸ್ಥನೇ. ಆದರೆ ಬಲವಂತಕ್ಕೆ ಸಿಕ್ಕಿ ಕೊಟ್ಟವನು ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖೆ ಮಾಡುವ ಸಂಸ್ಥೆಗೆ ತಿಳಿಸಿದರೆ ಅವನಿಗೆ ಆ ದೋಷ ತಟ್ಟುವುದಿಲ್ಲ. ನಮ್ಮ ರಾಜ್ಯದಲ್ಲಿ ಲೋಕಾಯುಕ್ತ ಪೊಲೀಸರಿಗೆ ದೂರು ಕೊಡಬಹುದು. ಏಳು ದಿನವೆಂಬುದನ್ನು ಮರೆಯಬೇಡಿ, ಎಂಟನೆಯ ದಿನ ಬಂದು ನನ್ನನ್ನು ಕೇಳಿದರೆ ನಾನೇನೂ ಮಾಡಲಾರೆ.

ದೂರಿನ ಜೊತೆಗೇ, ಅದೇ ದಿನ, ಇನ್ನೊಂದು ಕಾಗದ ಬರೆಯಿರಿ. ಇದು ನಿಮ್ಮ ಪಾಲಿನ ಕಾಗದ. ಮೇಲಿನ ಅಧಿಕಾರಿಗೆ ಹೀಗೆ ಬರೆಯಬಹುದು: ‘ಇಂಥ ತಾರೀಖಿನಂದು ನಾನು ಕೊಟ್ಟ ಅರ್ಜಿ ಇಂಥ ಮೊಕದ್ದಮೆಯ ಕಡತಕ್ಕೆ ಸೇರಿದೆ. ಅದರ ನಕಲನ್ನು ಇಟ್ಟುಕೊಂಡು ನನ್ನ ಅರ್ಜಿಯನ್ನು ತಡವಿಲ್ಲದೆ ತೀರ್ಮಾನಿಸಬೇಕು. ಮೊದಲ ಅರ್ಜಿಯ ತಾರೀಖಿನಿಂದಲೇ ನನಗೆ ಸಲ್ಲಬೇಕಾದ್ದನ್ನು ಕೊಡಬೇಕು.’ ಕೊಟ್ಟ ಪ್ರತಿಯೊಂದು ಅರ್ಜಿಗೂ ಮೊಹರು ಬಿದ್ದ ನಕಲನ್ನು ಪಡೆದು ಮನೆಯಲ್ಲಿ ಜೋಪಾನ ಮಾಡಿ. ಅಜ್ಜಿಯ ಹತ್ತಿರ ಆ ನಕಲು ಇರಲಿಲ್ಲ.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಬಡತನದ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಬರಬೇಕು. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಮಾಹಿತಿ ಅಧಿಕಾರಿಯೇ ಬರೆದುಕೊಳ್ಳಲು ನೆರವಾಗಬೇಕೆಂದು ಕಾಯ್ದೆಯಲ್ಲಿದೆ. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಈ ಕಾಯ್ದೆಯ ಕೆಳಗೆ ಕಾಗದವನ್ನು ಮಾತ್ರವಲ್ಲ, ಕಾಮಗಾರಿಯನ್ನೂ ಕಣ್ಣಾರೆ ನೋಡಲು ಕೇಳಬಹುದು, ಬಳಸಿದ ಸಾಮಾನಿನ ಮಾದರಿಯನ್ನೂ ಪಡೆಯಬಹುದು. ಕಾಲುವೆಗೆ ಹಾಕಿದ ಗಾರೆಯಲ್ಲಿ ಸಿಮೆಂಟು ಎಷ್ಟು, ಮರಳು ಎಷ್ಟು ಎಂಬ ಜಗಳ ಪ್ರತಿ ವರ್ಷವೂ ಇದ್ದದ್ದೇ ಅಲ್ಲವೆ?

ಬರುವ ಬುಧವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನು ಪಂಚಾಯ್ತಿ ಕಟ್ಟಡದಲ್ಲಿ ಇರುತ್ತೇನೆ. ಅರ್ಜಿ ಕೊಟ್ಟು ತಿಂಗಳುಗಟ್ಟಲೆ ಕಾದವರು ತಮ್ಮ ಹಳೆಯ ಕಾಗದಗಳನ್ನೆಲ್ಲ, ಹರಿದಿದ್ದರೂ ಸರಿ, ತೆಗೆದುಕೊಂಡು ಬನ್ನಿ. ಕೂತು ಬರೆಯೋಣ.